ಟಿವಿಯ ಮಾತು ಮಂಚದ ತನಕ

ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಮನೆಗಳಿಗೆ ಟಿವಿ ರಿಪೇರಿಗೆ ಹೋಗುವುದು ನನ್ನ ಕಸುಬು. ಈಗೀಗ ಚಿತ್ರದ ದೂರು ಕಡಿಮೆ. “ಸೌಂಡೇನೊ ಬತ್ತದ, ಯಾನ ಮಾತಾಡ್ತವ್ರೊ ತಿಳಿಯದಿಲ್ಲ ಕನಪ್ಪ” ಅನ್ನುವವರೇ ಹೆಚ್ಚು. ಹಾಲ್‌ಗೆ ದೊಡ್ಡ ಟಿವಿ ಬಂದಾಗ ಹಳೆಯ 32 ಇಂಚಿನದು ಮಲಗುವ ಕೋಣೆಗೆ ಹೋಗುತ್ತದೆ. ಆ ಕೋಣೆ ಬಹುಪಾಲು ಮನೆಯ ಹಿರಿಯರದು. ಸೀರಿಯಲ್ಲಿನ ಮಾತು ಬಿಡಿಬಿಡಿಯಾಗಿ ಕಿವಿಗೆ ಬಿದ್ದರೆ ಅವರಿಗೆ ಸಾಕು. ಅದಕ್ಕೆ ಹೋಂ ಥಿಯೇಟರ್ ಬೇಡ. ಎಷ್ಟೋ ಸಲ ಒಂದು ಕಾಸೂ ಬೇಡ.

1. ಸ್ಪೀಕರ್ ಎತ್ತ ಮುಖ ಮಾಡಿದೆ ಅಂತ ಮೊದಲು ನೋಡಿ. ಹಳೆಯ ಡಬ್ಬಾ ಟಿವಿಗಳಲ್ಲಿ ಹೆಚ್ಚಿನವಕ್ಕೆ ಪರದೆಯ ಪಕ್ಕದಲ್ಲೇ ಸ್ಪೀಕರ್ ಇತ್ತು, ಮಾತು ನೇರ ನಮ್ಮ ಕಡೆಗೆ ಬರುತ್ತಿತ್ತು. ಈಗಿನ ತೆಳು ಟಿವಿಗಳಲ್ಲಿ 8 ಅಥವಾ 10 ವ್ಯಾಟ್‌ನ ಎರಡು ಸಣ್ಣ ಸ್ಪೀಕರ್ ಕೆಳಕ್ಕೊ ಹಿಂದಕ್ಕೊ ತಿರುಗಿರುತ್ತವೆ. ಅಂಥ ಟಿವಿಯನ್ನು ಶೋಕೇಸಿನ ಗೂಡಿನಲ್ಲಿ ಒಳಕ್ಕೆ ತಳ್ಳಿಟ್ಟರೆ ಮಾತೆಲ್ಲ ಗೂಡಿನೊಳಗೇ ಗುಂಯ್‌ಗುಡುತ್ತದೆ. ಹಲಗೆಯ ಅಂಚಿಗೆ ಎಳೆದಿಡಿ. ಕೆಳಗೆ ಹಾಸಿದ ಬಟ್ಟೆ, ಹಿಂದೆ ಇಟ್ಟ ಪ್ಲಾಸ್ಟಿಕ್ ಹೂವು ತೆಗೆಯಿರಿ.

2. ರಿಮೋಟ್ ಹಿಡಿದು ಸೆಟ್ಟಿಂಗ್‌ಗೆ ಹೋಗಿ. ‘ಮೂವಿ’, ‘ಮ್ಯೂಸಿಕ್’ ಬಿಟ್ಟು ‘ಕ್ಲಿಯರ್ ವಾಯ್ಸ್’, ‘ಸ್ಪೀಚ್’, ‘ನ್ಯೂಸ್’ ಇವುಗಳಲ್ಲಿ ಯಾವುದಿದೆಯೋ ಅದನ್ನು ಹಾಕಿ. ಸರೌಂಡ್ ಆಫ್ ಮಾಡಿ. ಈಕ್ವಲೈಸರ್ ಇದ್ದರೆ 100 ಹರ್ಟ್ಜ್ ತಗ್ಗಿಸಿ, 3 ಕಿಲೊಹರ್ಟ್ಜ್ ಸುತ್ತ ಸ್ವಲ್ಪ ಏರಿಸಿ. ಮಾತಿನ ಜೋರು ಇರುವುದು ಅ, ಆ, ಓ ಥರದ ಸ್ವರಗಳಲ್ಲಿ. ಮಾತು ಯಾವುದೆಂದು ತಿಳಿಸುವುದು ತ, ಸ, ಶ, ಚದಂಥ ಸಣ್ಣ ಸದ್ದು. ವಯಸ್ಸಾದ ಕಿವಿ ಮೊದಲು ಕಳೆದುಕೊಳ್ಳುವುದು ಈ ಸಣ್ಣ ಸದ್ದನ್ನೇ. ಬರೀ ವಾಲ್ಯೂಮ್ ಏರಿಸಿದರೆ ಸ್ವರಗಳೂ ಹಿನ್ನೆಲೆ ಸಂಗೀತವೂ ಜೊತೆಗೇ ಏರುತ್ತವೆ, ಹಿರಿಯರಿಗೆ ಗದ್ದಲ ಹೆಚ್ಚಾಗುತ್ತದೆ ಅಷ್ಟೆ. ಸೆಟ್ ಟಾಪ್ ಬಾಕ್ಸಿನ ವಾಲ್ಯೂಮ್ ಪೂರ್ತಿಗೆ ಹತ್ತಿರ ಇಟ್ಟು, ಹೆಚ್ಚು ಕಡಿಮೆ ಮಾಡುವುದನ್ನು ಟಿವಿ ರಿಮೋಟಿನಲ್ಲಿ ಮಾಡಿ. ಒಟಿಟಿಯಲ್ಲಿ ಆಡಿಯೊ 5.1 ಅಂತಿದ್ದರೆ ಸ್ಟೀರಿಯೊಗೆ ಬದಲಿಸಿ.

3. ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ‘ಟರ್ರ್’ ಅಂತ ಬಾಲ ಬಂದರೆ ಕೆಲಸ ಗೋಡೆಯದು, ಟಿವಿಯದಲ್ಲ. ನಾಡಹೆಂಚಿನ ಮಣ್ಣುಗೋಡೆಯ ಮನೆಯಲ್ಲಿ ಚೆನ್ನಾಗಿ ಕೇಳುತ್ತಿದ್ದ ಟಿವಿ, ಅದೇ ಮನೆಯವರು ಆರ್‌ಸಿಸಿ ಕಟ್ಟಿ ಟೈಲ್ಸ್ ಹಾಕಿಸಿದ ಮೇಲೆ ಕಲಸುಮೇಲೋಗರವಾಗುವುದನ್ನು ತೆರಕಣಾಂಬಿ ದಾರಿಯ ಊರುಗಳಲ್ಲಿ ಬೇಕಾದಷ್ಟು ಕಂಡಿದ್ದೇನೆ. ಹತ್ತಡಿಗೆ ಹತ್ತಡಿಯ ಚೌಕ ಕೋಣೆಯಂತೂ ಕಷ್ಟ. ಎರಡು ಜೊತೆ ಗೋಡೆಗಳೂ ಸುಮಾರು 56 ಹರ್ಟ್ಜ್‌ಗೇ ಅನುರಣಿಸಿ ದಪ್ಪ ಸದ್ದನ್ನು ಹಿಗ್ಗಿಸುತ್ತವೆ. ಅಂಥಲ್ಲಿ ಸಬ್‌ವೂಫರ್ ತಂದಿಟ್ಟರೆ ಮಾತು ಇನ್ನೂ ಮುಳುಗುತ್ತದೆ. ಟಿವಿ ಎದುರಿನ ಗೋಡೆಗೆ ದಪ್ಪ ಜಮಖಾನ ಅಥವಾ ಕಂಬಳಿ ಇಳಿಬಿಡಿ, ಕಿಟಕಿಗೆ ನೆರಿಗೆ ಹೆಚ್ಚಿರುವ ಪರದೆ ಹಾಕಿ. ಕೆಲವರು ಮೊಟ್ಟೆ ಟ್ರೇ ಅಂಟಿಸುತ್ತಾರೆ. ದಯವಿಟ್ಟು ಬೇಡ: ಮಾತಿಗೆ ಪ್ರಯೋಜನ ಅಷ್ಟಕ್ಕಷ್ಟೆ, ಬೆಂಕಿಯಂತೂ ಬೇಗ ಹತ್ತಿಕೊಳ್ಳುತ್ತದೆ.

4. ಸರಿಹೋಯಿತೇ ಅಂತ ನೋಡಲು ನಾನು ಹಾಕುವುದು ಕಂಸಾಳೆ ಪದ. ಮಾದಪ್ಪನ ಕಥೆ ಹೇಳುವ ದೇವರಗುಡ್ಡರ ಕಂಸಾಳೆ ಹಿತ್ತಾಳೆಯ ತಾಳ, ಅದರ ನಾದ ಚೂಪು. ಕೆಳಗೆ ಹಾಡುವವರ ಗಂಡುದನಿ ಇರುತ್ತದೆ. ಕಂಸಾಳೆ ಕಿವಿಗೆ ಚುಚ್ಚಿದರೆ ಟ್ರೆಬಲ್ ಹೆಚ್ಚಾಗಿದೆ. ಅದು ಮಂಕಾದರೆ ಟ್ರೆಬಲ್ ಸಾಲದು. ಎರಡೂ ಸರಿಯಿದ್ದು ಕಥೆಯ ಪದಗಳು ಬಿಡಿಸಿ ಕೇಳಿದರೆ ಅಲ್ಲಿಗೆ ನಿಲ್ಲಿಸಿ. ಇನ್ನೊಂದು ಲಾಭವಿದೆ. ಮನೆಯ ಅಜ್ಜಿಗೆ ಆ ಕಥೆ ಬಾಯಿಪಾಠ. ಎಲ್ಲಿ ಮಾತು ತಪ್ಪಿಹೋಗುತ್ತಿದೆ ಅಂತ ನನಗಿಂತ ಮುಂಚೆ ಅವರೇ ಹೇಳುತ್ತಾರೆ. ಅವರನ್ನು ಮಂಚದ ಮೇಲೆ ಅವರ ಜಾಗದಲ್ಲೇ ಕೂರಿಸಿ ಕೇಳಿಸಬೇಕು, ಟಿವಿ ಮುಂದೆ ನಿಲ್ಲಿಸಿ ಅಲ್ಲ.

5. ಇಷ್ಟಾದರೂ ಸಾಲದಿದ್ದರೆ ದುಡ್ಡು ಹಾಕಬೇಕಾದ್ದು ತಲೆದೆಸೆಗೆ. ಕಂಪ್ಯೂಟರ್‌ಗೆ ಹಾಕುವ ಸಣ್ಣ ಜೋಡಿ ಸ್ಪೀಕರ್, ಐದು ಮೀಟರ್ ಆಕ್ಸ್ ವೈರು ಸಾಕು. ಬಯಲಿನಲ್ಲಿ ದೂರ ಅರ್ಧವಾದರೆ ಸದ್ದು 6 ಡೆಸಿಬಲ್ ಏರುತ್ತದೆ. ಕೋಣೆಯಲ್ಲಿ ಅಷ್ಟು ಪೂರ್ತಿ ಸಿಗದು. ಆದರೂ ಎಂಟಡಿಯಿಂದ ಎರಡಡಿಗೆ ಬಂದ ಸ್ಪೀಕರ್‌ನ ಮಾತು ಗೋಡೆಗೆ ಬಡಿದು ಬರುವ ಸದ್ದನ್ನು ಹಿಂದೆ ಹಾಕುತ್ತದೆ. ಗುಂಡ್ಲುಪೇಟೆಯ ಊಟಿ ರಸ್ತೆ ಬದಿಯ ಮನೆಗಳಲ್ಲಿ ಇದರ ಬೆಲೆ ತಿಳಿಯುತ್ತದೆ. 2009ರಿಂದ ಈ ರಸ್ತೆಯ ಬಂಡೀಪುರ ಕಾಡಿನ ಭಾಗ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳಿಗೆ ಬಂದ್. ಅಷ್ಟರೊಳಗೆ ಕಾಡು ದಾಟುವ ಲಾರಿಗಳ ಸದ್ದಿನ ಹೊತ್ತಿಗೇ ಸೀರಿಯಲ್ಲೂ ಬರುತ್ತದೆ. ಆ ಸದ್ದು ಮೀರಿಸಲು ಏರಿಸಿದ ವಾಲ್ಯೂಮ್ ಒಂಬತ್ತರ ಮೇಲೆ ಪಕ್ಕದ ಮನೆಗೂ ಹೋಗುತ್ತದೆ. ತಲೆದೆಸೆಯ ಸ್ಪೀಕರ್ ಇದ್ದರೆ ಏರಿಸುವ ಪ್ರಮೇಯವೇ ಬಾರದು.

6. ಬ್ಲೂಟೂತ್‌ಗಿಂತ ವೈರು ಒಳ್ಳೆಯದು. ಬ್ಲೂಟೂತ್‌ನಲ್ಲಿ ಮಾತು ತುಟಿಗಿಂತ ತಡವಾಗಿ ಬರುವುದುಂಟು. ತುಟಿ ನೋಡಿ ಮಾತು ಹಿಡಿಯುವ ಹಿರಿಯರಿಗೆ ಇದು ತುಂಬ ತೊಂದರೆ.

7. ವೈರು ಹಾಕಿದ ಮೇಲೆ ‘ಹೂಂ’ ಅಂತ ಒಂದೇ ಸಮನೆ ಬಂದರೆ ಟಿವಿ, ಸ್ಪೀಕರ್ ಎರಡನ್ನೂ ಒಂದೇ ಬೋರ್ಡಿಗೆ ಹಾಕಿ. ಆಮೇಲೂ ಇದ್ದರೆ ಹೊರಗಿಂದ ಬಂದ ಕೇಬಲ್ ಬಿಚ್ಚಿ ನೋಡಿ. ಸದ್ದು ನಿಂತರೆ ಕೇಬಲ್‌ನ ಅರ್ತ್‌ಗೂ ಮನೆಯ ಅರ್ತ್‌ಗೂ ಹೊಂದಿಲ್ಲ ಅಂತ ಅರ್ಥ; ಆಕ್ಸ್ ವೈರಿನ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿಸಿ. ಪ್ಲಗ್ಗಿನ ಅರ್ತ್ ಪಿನ್ ಮಾತ್ರ ಯಾವ ಕಾರಣಕ್ಕೂ ಮುರಿಯಬೇಡಿ.

8. ಡಬ್ಬದ ಮೇಲೆ ಸಾವಿರಗಟ್ಟಲೆ ಬರೆದಿರುವ ಪಿಎಂಪಿಒ ವ್ಯಾಟ್ ನಂಬಬೇಡಿ, ಆರ್‌ಎಂಎಸ್ ಎಷ್ಟು ಅಂತ ಕೇಳಿ. ತಲೆದೆಸೆಗೆ ಮೂರು ವ್ಯಾಟ್ ಧಾರಾಳ. ಅಟ್ಟದ ಮೇಲೆ ಹಳೆಯ ಡಬ್ಬಾ ಟಿವಿ ಇದ್ದರೆ ಅದರ ಸ್ಪೀಕರನ್ನೇ ಮರದ ಪೆಟ್ಟಿಗೆಗೆ ಕೂರಿಸಿ, 5 ವೋಲ್ಟ್‌ನ ಪುಟ್ಟ ಆಂಪ್ಲಿಫೈಯರ್ ಬೋರ್ಡು ಹಾಕಿ ಮೊಬೈಲ್ ಚಾರ್ಜರ್‌ನಲ್ಲಿ ನಡೆಸಬಹುದು. ಮಾತಿಗೆ ಅದು ಬಹಳ ಚೆಂದ. ಆದರೆ ಆ ಟಿವಿಯನ್ನು ನೀವೇ ಬಿಚ್ಚಬೇಡಿ. ಪ್ಲಗ್ ಕಿತ್ತಿದ್ದರೂ ಪಿಕ್ಚರ್ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು. ಗೊತ್ತಿರುವ ಮೆಕ್ಯಾನಿಕ್ ಹತ್ತಿರ ತೆಗೆಸಿ.