ಒಂಟಿ ಸಿಂಹಕ್ಕೆ ಪಟ್ಟವಿಲ್ಲ

ಸಿಂಹವನ್ನು ಕಾಡಿನ ರಾಜ ಎನ್ನುತ್ತೇವೆ. ಆದರೆ ಆ ಪಟ್ಟ ಅಪ್ಪನಿಂದ ಮಗನಿಗೆ ಬರುವುದಿಲ್ಲ, ಒಂಟಿ ಗಂಡಿಗೆ ದಕ್ಕುವುದೂ ಕಷ್ಟ. ಏಕೆಂದು ತಿಳಿಯಲು ಮೊದಲು ಹಿಂಡನ್ನು ನೋಡೋಣ.

ಹಿಂಡಿನ ಬೇರು ಹೆಣ್ಣುಗಳು. ಅಕ್ಕತಂಗಿಯರು, ತಾಯಿ, ಮಗಳು ಸಾಮಾನ್ಯವಾಗಿ ಹುಟ್ಟಿದ ನೆಲದಲ್ಲೇ ಉಳಿಯುತ್ತವೆ. ಗಂಡುಗಳು ಬಂದು ಹೋಗುತ್ತವೆ. ಗಂಡುಮರಿ ಎರಡರಿಂದ ನಾಲ್ಕು ವರ್ಷದೊಳಗೆ ಮನೆ ಬಿಡಬೇಕು. ಒಟ್ಟಿಗೆ ಬೆಳೆದ ಅಣ್ಣತಮ್ಮಂದಿರು, ದೊಡ್ಡಮ್ಮ–ಚಿಕ್ಕಮ್ಮನ ಮಕ್ಕಳು ಜೊತೆಯಾಗಿ ಹೊರಡುತ್ತವೆ. ಇದೇ ಗಂಡುಗಳ ಕೂಟ. ಜೊತೆಯಿಲ್ಲದ ಗಂಡು ಇನ್ನೊಂದು ಒಂಟಿಯನ್ನು ಕೂಡಿಕೊಳ್ಳುವುದೂ ಉಂಟು. ಟಾಂಜಾನಿಯಾದ ಸೆರೆಂಗೆಟಿಯಲ್ಲಿ 1966ರಲ್ಲಿ ಶುರುವಾದ ದೀರ್ಘ ಅಧ್ಯಯನ ಒಂದು ಅಂಶವನ್ನು ತೋರಿಸಿಕೊಟ್ಟಿದೆ: ನಾಲ್ಕು ಅಥವಾ ಹೆಚ್ಚು ಗಂಡುಗಳಿರುವ ಕೂಟದಲ್ಲಿ ಎಲ್ಲವೂ ರಕ್ತಸಂಬಂಧಿಗಳೇ, ಹೊರಗಿನವಕ್ಕೆ ಜಾಗ ಸಿಗುವುದು ಎರಡು–ಮೂರರ ಕೂಟದಲ್ಲಿ.

ನೆಲೆಯಿಲ್ಲದ ಈ ದಿನಗಳಲ್ಲಿ ಅವು ಗರ್ಜಿಸುವುದೇ ಕಡಿಮೆ. ಗರ್ಜನೆ ಎಂದರೆ ‘ಈ ನೆಲ ನಮ್ಮದು’ ಎಂಬ ಸಾರಿಕೆ. ಅದನ್ನು ಕೇಳಿದರೆ ನೆಲದ ಒಡೆಯರು ಹುಡುಕಿಕೊಂಡು ಬರುತ್ತಾರೆ. ಸಂಶೋಧಕರು ಸ್ಪೀಕರ್‌ನಲ್ಲಿ ಅಪರಿಚಿತ ಗಂಡಿನ ಗರ್ಜನೆ ಕೇಳಿಸಿದಾಗ, ಹಿಂಡಿನ ಗಂಡುಗಳು ಸದ್ದು ಬಂದ ಕಡೆಗೇ ನಡೆದುಬಂದವು.

ಮೈ ತುಂಬಿ, ಕೇಸರ ದಟ್ಟವಾದ ಮೇಲೆ ಕೂಟ ಒಂದು ಹಿಂಡಿನ ಮೇಲೆ ಕಣ್ಣು ಹಾಕುತ್ತದೆ. ಕಾಳಗದಲ್ಲಿ ಸಾವೂ ಆಗಬಹುದು. ಆದರೆ ಎದುರಾಳಿಗಳ ಸಂಖ್ಯೆ ಹೆಚ್ಚೆಂದು ಕಂಡರೆ ಹಳಬರು ಜಗಳವಾಡದೆ ಜಾಗ ಬಿಡುವುದೂ ಇದೆ.

ಗೆದ್ದ ಕೂಟ ಮೊದಲು ಹಳಬರ ಪುಟ್ಟ ಮರಿಗಳನ್ನು ಕೊಲ್ಲುತ್ತದೆ. ನಮಗೆ ಇದು ಕ್ರೂರ; ಅದರ ಹಿಂದೆ ಒಂದು ಲೆಕ್ಕವಿದೆ. ಮರಿಗಳು ಬದುಕಿದ್ದರೆ ತಾಯಿ ಮುಂದಿನ ಸೂಲಿಗೆ ಸುಮಾರು ಎರಡು ವರ್ಷ ತೆಗೆದುಕೊಳ್ಳುತ್ತದೆ. ಸೆರೆಂಗೆಟಿಯಲ್ಲಿ ಒಂದು ಕೂಟದ ಆಳ್ವಿಕೆಯೂ ಹೆಚ್ಚುಕಡಿಮೆ ಅಷ್ಟೇ. ಮರಿ ಕಳೆದುಕೊಂಡ ತಾಯಿ ಬೇಗ ಬೆದೆಗೆ ಬರುತ್ತದೆ. ಗಬ್ಬ ಕಟ್ಟಿ ಸುಮಾರು 110 ದಿನಕ್ಕೆ ಹೊಸಬರ ಮರಿ ಹಾಕುತ್ತದೆ. ಆ ಮರಿಗಳು ದೊಡ್ಡವಾಗುವವರೆಗೆ ಅಪ್ಪಂದಿರು ಗಡಿ ಕಾಯಲೇಬೇಕು. ಸೋತರೆ ಅವಕ್ಕೂ ಅದೇ ಗತಿ.

ದೊಡ್ಡ ಕೂಟ ಹೆಚ್ಚು ಕಾಲ ನಿಲ್ಲುತ್ತದೆ, ಒಂದಕ್ಕಿಂತ ಹೆಚ್ಚು ಹಿಂಡುಗಳನ್ನೂ ಆಳುತ್ತದೆ. ಆದರೆ ಒಬ್ಬ ಜೊತೆಗಾರ ಸತ್ತರೆ, ಕುಂಟಾದರೆ, ದೂರವಾದರೆ ಪಾರುಪತ್ಯ ಅಲುಗಾಡುತ್ತದೆ. ಗುಜರಾತಿನ ಗಿರ್‌ನಲ್ಲಿ ಪ್ರವಾಸಿಗರ ಅಚ್ಚುಮೆಚ್ಚಾಗಿದ್ದ ಜಯ್–ವೀರು ಜೋಡಿಯ ಕತೆ ಇದೇ. ‘ಶೋಲೆ’ಯ ಗೆಳೆಯರ ಹೆಸರು ಹೊತ್ತ ಈ ಗಂಡುಗಳು 2025ರಲ್ಲಿ ಬೇರೆಬೇರೆಯಾಗಿದ್ದ ಹೊತ್ತಿನಲ್ಲಿ ಎದುರಾಳಿಗಳ ದಾಳಿಗೆ ಸಿಕ್ಕಿದವು. ಜೂನ್‌ನಲ್ಲಿ ವೀರು ಸತ್ತಿತು, ಜುಲೈನಲ್ಲಿ ಜಯ್.

ಮುಂದೆ ಸಿಂಹಗಳ ಸಾಕ್ಷ್ಯಚಿತ್ರ ನೋಡುವಾಗ ಕೇಸರಕ್ಕಿಂತ ಮೊದಲು ಎರಡನ್ನು ಗಮನಿಸಿ: ಗಂಡುಗಳು ಎಷ್ಟಿವೆ, ಮರಿಗಳು ಎಷ್ಟು ದೊಡ್ಡವು. ಬೆಳೆದ ಮರಿಗಳಿದ್ದರೆ ಆ ಗಂಡುಗಳು ಬಹಳ ದಿನದಿಂದ ನೆಲ ಉಳಿಸಿಕೊಂಡಿವೆ ಎಂದು ಊಹಿಸಬಹುದು.