ಸುದ್ದಿಚಿತ್ರ ಮತ್ತು ವಿವೇಚನೆ

ವೃತ್ತಪತ್ರಿಕೆಯನ್ನು ಕೈಗೆತ್ತಿಕೊಂಡೊಡನೆ ನಮ್ಮ ಕಣ್ಣು ಮೊದಲು ಹರಿಯುವುದು ಚಿತ್ರದ ಕಡೆಗೆ. ಓದುಬಾರದವರೂ ಚಿತ್ರ ನೋಡಿ ಸುದ್ದಿಯ ತಿರುಳನ್ನು ಗ್ರಹಿಸಬಲ್ಲರು. ಬರಹದಲ್ಲಿ ತಪ್ಪು ನುಸುಳಿದರೆ ಮರುದಿನ ತಿದ್ದುಪಡಿಯನ್ನು ಅಚ್ಚುಮಾಡಬಹುದು. ಸಾವಿರಾರು ಜನ ಕಂಡ ಚಿತ್ರವನ್ನು ಹಿಂದಕ್ಕೆ ಪಡೆಯಲಾಗದು. ಆದುದರಿಂದ ಚಿತ್ರವು ಪ್ರಕಟಣೆಗೆ ಯೋಗ್ಯವೇ ಎಂಬುದನ್ನು ಸಂಪಾದಕರು ಅಚ್ಚಿಗೆ ಮುನ್ನವೇ ತೀರ್ಮಾನಿಸಬೇಕಾಗುತ್ತದೆ.

ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರ ಚಿತ್ರವನ್ನು ಉದಾಹರಣೆಯಾಗಿ ನೋಡೋಣ. ಲಿಂಗತ್ವ ಅಲ್ಪಸಂಖ್ಯಾತ ಸಮುದಾಯದ ಈ ಕಲಾವಿದೆ ಜೋಗತಿ ನೃತ್ಯದಿಂದ ಹೆಸರಾದವರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದವರು. 2021ರ ನವೆಂಬರ್ 9ರಂದು ಪದ್ಮಶ್ರೀ ಪ್ರಶಸ್ತಿ ಸ್ವೀಕರಿಸಲು ಬಂದಾಗ ಅವರು ಸೀರೆಯ ಸೆರಗು ಹಿಡಿದು, ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದರಿಗೆ ದೃಷ್ಟಿ ತೆಗೆದು ಹರಸಿದರು. ಆ ಚಿತ್ರ ನಾಡಿನಾದ್ಯಂತ ಪ್ರಕಟವಾಯಿತು. ಸಭೆ ಸಾರ್ವಜನಿಕವಾದುದು, ಹರಕೆ ಅವರದೇ ಇಚ್ಛೆಯದು. ಅದನ್ನು ಪ್ರಕಟಿಸಿದ್ದು ಉಚಿತವೇ ಸರಿ. ಆದರೆ ರಾಷ್ಟ್ರಪತಿಯವರನ್ನು ಕತ್ತರಿಸಿ, ಬೀಸಿದ ಸೆರಗನ್ನಷ್ಟೇ ಉಳಿಸಿ, ಕೆಳಗೆ ಕುಚೋದ್ಯದ ಒಕ್ಕಣೆ ಬರೆದಿದ್ದರೆ ಅದೇ ಚಿತ್ರ ಅವಮಾನವಾಗುತ್ತಿತ್ತು. ಚಿತ್ರದ ಯೋಗ್ಯತೆ ಚಿತ್ರದಲ್ಲಿ ಮಾತ್ರವಲ್ಲ, ಅದನ್ನು ತೋರಿಸುವ ರೀತಿಯಲ್ಲಿಯೂ ಇದೆ.

ಎಲ್ಲ ಸಂದರ್ಭಗಳೂ ಇಷ್ಟು ಸುಲಭವಲ್ಲ. ಮರಿಯಮ್ಮನಹಳ್ಳಿಯ ಬಳಿ ಹಾಯುವ ಹೆದ್ದಾರಿಯಲ್ಲಿ ಭೀಕರ ಅಪಘಾತವೊಂದು ನಡೆಯಿತೆಂದು ಭಾವಿಸಿರಿ. ಛಾಯಾಗ್ರಾಹಕನು ಎರಡು ಚಿತ್ರ ತಂದಿದ್ದಾನೆ. ಒಂದರಲ್ಲಿ ಮೃತನ ಮುಖ ಸ್ಪಷ್ಟವಾಗಿದೆ. ಇನ್ನೊಂದರಲ್ಲಿ ನುಜ್ಜುಗುಜ್ಜಾದ ವಾಹನವೂ ದೀಪವಿಲ್ಲದ ತಿರುವೂ ಇವೆ. ಮೃತನ ತಾಯಿಗೆ ಸುದ್ದಿ ಮುಟ್ಟುವ ಮೊದಲೇ ಚಿತ್ರ ಮುಟ್ಟಬೇಕೇ? ಅಪಘಾತದ ಕಾರಣವನ್ನು ತಿಳಿಸುವುದು ಎರಡನೆಯ ಚಿತ್ರವೇ ಅಲ್ಲವೇ? ಚಿತ್ರದಲ್ಲಿರುವವನು ಸಂಪಾದಕರ ಮೇಜಿನ ಮುಂದೆ ನಿಂತು ತನ್ನ ಪರವಾಗಿ ವಾದಿಸಲಾರ. ಅವನ ಪರವಾಗಿ ಸಂಪಾದಕರೇ ಯೋಚಿಸಬೇಕು.

ಕೆಲವೆಡೆ ಕಾನೂನೇ ಗೆರೆ ಎಳೆದಿದೆ. ದೌರ್ಜನ್ಯಕ್ಕೊಳಗಾದ ಮಕ್ಕಳ ಗುರುತನ್ನು ಬಹಿರಂಗಪಡಿಸುವುದು ಅಪರಾಧ. 2018ರಲ್ಲಿ ಹತಳಾದ ಬಾಲೆಯೊಬ್ಬಳ ಗುರುತನ್ನು ಪ್ರಕಟಿಸಿದ ಮಾಧ್ಯಮ ಸಂಸ್ಥೆಗಳು ತಲಾ 10 ಲಕ್ಷ ರೂಪಾಯಿ ತೆರುವಂತೆ ದೆಹಲಿಯ ಉಚ್ಚ ನ್ಯಾಯಾಲಯವು ಆದೇಶಿಸಿತು.

ಹಾಗೆಂದು ನೋವಿನ ಚಿತ್ರಗಳನ್ನೆಲ್ಲ ಮುಚ್ಚಿಡುವುದು ಸಜ್ಜನಿಕೆಯೆನಿಸದು. 1972ರ ಜೂನ್ 8ರಂದು ವಿಯೆಟ್ನಾಮಿನಲ್ಲಿ ಬಾಂಬಿನ ಬೆಂಕಿಯಿಂದ ಸುಟ್ಟ ಬಾಲಕಿಯೊಬ್ಬಳು ವಿವಸ್ತ್ರಳಾಗಿ ಓಡಿಬರುತ್ತಿದ್ದ ಚಿತ್ರ ಸುದ್ದಿಸಂಸ್ಥೆಯ ಕೈಸೇರಿತು. ನಗ್ನಚಿತ್ರ ಸಲ್ಲದೆಂಬ ನಿಯಮ ಅಡ್ಡಬಂದರೂ, ಯುದ್ಧದ ಕ್ರೌರ್ಯವನ್ನು ಜಗತ್ತು ಕಾಣಲೇಬೇಕೆಂದು ಅದನ್ನು ಪ್ರಕಟಣೆಗೆ ಕಳುಹಿಸಲಾಯಿತು. ಅಂಥ ಚಿತ್ರವನ್ನು ಅಡಗಿಸಿದ್ದರೆ ಅಪರಾಧಿಗಳಿಗೆ ಅನುಕೂಲವಾಗುತ್ತಿತ್ತು, ನೊಂದವಳಿಗಲ್ಲ.

ಜನರು ತಿಳಿಯಲೇಬೇಕಾದ ಸತ್ಯವು ಚಿತ್ರದಲ್ಲಿದೆಯೇ? ಅದರಲ್ಲಿರುವವರ ಮಾನಕ್ಕೆ ಕುಂದಿಲ್ಲದೆ ಆ ಸತ್ಯವನ್ನು ಹೇಳಲು ಬೇರೆ ದಾರಿ ಇದೆಯೇ? ಈ ಎರಡು ಪ್ರಶ್ನೆಗಳು ಹಿಂದೆ ಸಂಪಾದಕರವಾಗಿದ್ದವು. ಇಂದು ಮೊಬೈಲು ಹಿಡಿದ ಪ್ರತಿಯೊಬ್ಬನೂ ಪ್ರಕಾಶಕನೇ. ಚಿತ್ರವನ್ನು ಇನ್ನೊಬ್ಬರಿಗೆ ರವಾನಿಸುವ ಮುನ್ನ ನೀವೂ ಇವನ್ನು ಕೇಳಿಕೊಳ್ಳಬೇಕು.

ಅಭ್ಯಾಸ

1. ಒಂದೇ ಚಿತ್ರವು ಗೌರವವೂ ಅವಮಾನವೂ ಆಗುವುದು ಹೇಗೆ? ಪಾಠದ ಉದಾಹರಣೆಯಿಂದ ವಿವರಿಸಿರಿ.
2. ಅಪಘಾತದ ಎರಡು ಚಿತ್ರಗಳಲ್ಲಿ ನೀವು ಯಾವುದನ್ನು ಆರಿಸುವಿರಿ? ಕಾರಣ ಕೊಡಿರಿ.
3. ವಿಯೆಟ್ನಾಮಿನ ಚಿತ್ರದ ವಿಷಯದಲ್ಲಿ ನಿಯಮವನ್ನು ಮೀರಿದ್ದು ಸರಿಯೇ? ಚರ್ಚಿಸಿರಿ.