ಮರುಪರೀಕ್ಷೆಯ ಮಹತ್ವ

ಒಂದೇ ನೋಟದಿಂದ ರೋಗದ ಮೂಲವನ್ನು ನಿರ್ಣಯಿಸಲಾಗದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು. ಸಮೀಪದ ಗ್ರಾಮಸ್ಥರು ತೀವ್ರ ಜ್ವರಕ್ಕೆ ತುತ್ತಾದರು. ಮಂಗಗಳ ಸಾವಿನಿಂದಾಗಿ ಇದು ಹಳದಿ ಜ್ವರವಿರಬಹುದೆಂಬ ಶಂಕೆ ಮೂಡಿತು. ಪುಣೆಯ ವೈರಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಅಷ್ಟಕ್ಕೇ ನಿಲ್ಲದೆ ರೋಗಿಗಳ ರಕ್ತವನ್ನೂ ಸತ್ತ ಮಂಗಗಳನ್ನೂ ಕಾಡಿನ ಉಣುಗುಗಳನ್ನೂ ಪರೀಕ್ಷಿಸಿದರು. ಮೂರರಲ್ಲಿಯೂ ಹೊಸದೊಂದು ವೈರಾಣು ದೊರೆಯಿತು. ಹಳದಿ ಜ್ವರವನ್ನು ಹರಡುವುದು ಸೊಳ್ಳೆ. ಈ ಮಂಗನ ಕಾಯಿಲೆಯನ್ನು ಹರಡುವುದು ಉಣುಗು. ಹೀಗಾಗಿ ತಡೆಯುವ ಮಾರ್ಗವೇ ಬೇರೆಯಾಯಿತು.

ಅರಸೀಕೆರೆ, ಬೇಲೂರು, ಹಳೇಬೀಡು ಭಾಗದ ಸದ್ಭಕ್ತರು ಮಲೆನಾಡಿನ ಕಾಡಿಗೆ ಹೋಗಿಬಂದ ಬಳಿಕ ಮೈಮೇಲೆ ಉಣುಗುಗಳಿವೆಯೇ ಎಂದು ನೋಡಿಕೊಳ್ಳಬೇಕು. ಸತ್ತ ಮಂಗವನ್ನು ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ಜ್ವರ ಬಂದರೆ, ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಆ ಒಂದು ಹೆಚ್ಚಿನ ವಿವರವೇ ಸರಿಯಾದ ಪರೀಕ್ಷೆಗೆ ದಾರಿಯಾಗಿ ಜೀವವನ್ನು ಉಳಿಸಬಲ್ಲದು.